ಎರಡು ಸಲ ಒತ್ತಬೇಕಾದ ಬ್ರೇಕು

ಮಾರ್ಚ್ 3, ಭಾನುವಾರ

ಅಕ್ಕ ಕಾರು ಗುದ್ದಿದ್ದಾಳೆ. ಜೀವಕ್ಕೇನೂ ಆಗಿಲ್ಲ. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ, ಆರು ವಾರ ಪಟ್ಟಿ.

ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ಕಟ್ಟಿ, ಮಾತ್ರೆ ಕೊಟ್ಟು ಬರುವುದು ಅಕ್ಕನ ಕೆಲಸ. ಆಸ್ಪತ್ರೆಯ ಪುಟ್ಟ ವ್ಯಾನು ರಿಪೇರಿಗೆ ಹೋಗಿತ್ತು. ಮುದುಕ ಬಡಗಿಯ ಬೆನ್ನಿನ ಹುಣ್ಣಿಗೆ ಭಾನುವಾರ ಎಂದರೆ ಗೊತ್ತಾಗುತ್ತದೆಯೇ, ಅವನ ಪಟ್ಟಿ ಬದಲಾಯಿಸಲೇಬೇಕಿತ್ತು. ಬೆಳಿಗ್ಗೆ ಮಹಡಿಯಿಂದ ಇಳಿದು ಬಂದು ಮುದುಕಿಯ ಬೀಗದಕೈ ಕೇಳಿದಳು, ಕೊಟ್ಟೆ. ಮುದುಕಿ ಎಂದರೆ ನಮ್ಮ ಕಾರು. ಮೂವತ್ತೊಂದು ವರ್ಷ ಅವಳಿಗೆ.

ಒಂಬತ್ತೂವರೆಗೆ ಫೋನು. ಆಸ್ಪತ್ರೆ ರಸ್ತೆಯ ಇಳಿಜಾರು ಮುಗಿಯುವಲ್ಲಿ ನಿಲ್ಲಿಸಿದ್ದ ಬ್ರೆಡ್ ವ್ಯಾನಿನ ಹಿಂಭಾಗಕ್ಕೆ ಹೋಗಿ ಹೊಡೆದಿದ್ದಾಳೆ. ನಾನು ಓಡಿ ಹೋಗುವಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು. ರಸ್ತೆ ತುಂಬ ಬ್ರೆಡ್ಡು. ಅಕ್ಕ ಕಾಲುದಾರಿಯ ಅಂಚಿನಲ್ಲಿ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ, "ಬ್ರೇಕ್ ಹಿಡೀಲೇ ಇಲ್ಲ ಕಣೋ" ಎಂದಳು.

"ನೀನು ಕ್ಲಚ್ ಒತ್ತಿರ್ತೀಯ" ಎಂದೆ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮುಂದಿನ ಚಕ್ರಗಳ ಬ್ರೇಕನ್ನು ಕಳೆದ ತಿಂಗಳಷ್ಟೇ ಪೂರ್ತಿ ಬಿಚ್ಚಿ ಜೋಡಿಸಿದವನು ನಾನು. ಹೊಸ ಪ್ಯಾಡು, ಹೊಸ ಎಣ್ಣೆ, ಚಕ್ರದ ತಟ್ಟೆಯನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರುಗಳನ್ನು ತೊಳೆದು, ಉಜ್ಜಿ, ಕಪ್ಪು ಬಣ್ಣ ಹೊಡೆದು ಕೂರಿಸಿದ್ದೆ. ಇಪ್ಪತ್ತಾರು ವರ್ಷದಿಂದ ತರಬೇತಿ ಶಾಲೆಯಲ್ಲಿ ಯಂತ್ರದ ಕೆಲಸ ಕಲಿಸುತ್ತಿರುವವನು, ನನಗೆ ಗೊತ್ತಾಗುವುದಿಲ್ಲವೇ? ದಿನವೂ ವ್ಯಾನು ಓಡಿಸುವವರು ಒಮ್ಮೆಲೇ ಬೇರೆ ಗಾಡಿ ಹತ್ತಿದರೆ ಕಾಲು ತಡವರಿಸುವುದು ಸಹಜ. ಐವತ್ತೇಳಾಯಿತು ಅವಳಿಗೂ.

ನಾನು ಹಾಗೆಂದ ಮೇಲೆ ಅವಳು ನನ್ನ ಮುಖ ನೋಡಲಿಲ್ಲ. ತನ್ನ ಕಾಲುಗಳನ್ನು ನೋಡಿಕೊಂಡಳು.

ಮಾರ್ಚ್ 4, ಸೋಮವಾರ

ಮುದುಕಿಯನ್ನು ನಾನೇ ಓಡಿಸಿಕೊಂಡು ಮನೆಗೆ ತಂದೆ. ಮೂತಿ ನೆಗ್ಗಿದೆ, ಎಡಗಡೆಯ ದೀಪ ಹೋಗಿದೆ, ಉಳಿದಂತೆ ಗಟ್ಟಿಗಿತ್ತಿ. ದಾರಿಯಲ್ಲಿ ನಾಲ್ಕು ಕಡೆ ಬ್ರೇಕ್ ಹಾಕಿ ನೋಡಿದೆ. ನಾಲ್ಕೂ ಕಡೆ ನಿಂತಳು.

ಮನೆಗೆ ಬಂದು ಇದನ್ನೇ ಹೇಳಿದೆ. ಅಕ್ಕ ಎಡಗೈಯಲ್ಲಿ ಚಮಚ ಹಿಡಿದು ತಿನ್ನಲು ಒದ್ದಾಡುತ್ತಿದ್ದಳು. "ಹಾಗಾದ್ರೆ ತಪ್ಪು ನಂದೇ" ಎಂದಳು. ನನ್ನ ಹೆಂಡತಿ ನನ್ನ ಕಡೆ ಒಂದು ನೋಟ ಬೀರಿದಳು. ಅವಳ ನೋಟಕ್ಕೆಲ್ಲ ಅರ್ಥ ಹುಡುಕುತ್ತ ಕೂತರೆ ಸಂಸಾರ ನಡೆಯುವುದಿಲ್ಲ.

ಮಾರ್ಚ್ 6, ಬುಧವಾರ

ಇವತ್ತು ತರಗತಿಯಲ್ಲಿ ಗಂಟಲು ಹರಿಯುವಂತೆ ಕೂಗಾಡಿದೆ. ಅಳೆಯದೆ ಕಬ್ಬಿಣ ಕತ್ತರಿಸಿದವರಿಗೆ ಕ್ಷಮೆಯೇ ಇಲ್ಲ. "ಕೈ ತಪ್ಪಿತು ಅನ್ನೋದೇ ಇಲ್ಲ, ಗಮನ ತಪ್ಪಿರುತ್ತೆ ಅಷ್ಟೆ" ಎಂದು ನಾನು ಪ್ರತಿ ವರ್ಷ ಹೇಳುವ ಮಾತನ್ನು ಈ ವರ್ಷವೂ ಹೇಳಿದೆ.

ಸಂಜೆ ಮನೆಗೆ ಬಂದರೆ ಅಕ್ಕನ ಹೊಸ ರಾಗ. ಇನ್ನು ಗಾಡಿ ಓಡಿಸುವುದಿಲ್ಲವಂತೆ. ಕೈ ವಾಸಿಯಾದ ಮೇಲೂ ಇಲ್ಲವಂತೆ. ಏಪ್ರಿಲ್ ಒಂದರಿಂದ ಆಸ್ಪತ್ರೆಯ ಕಡತಗಳ ಕೋಣೆಯಲ್ಲಿ ಕೂರುತ್ತೇನೆ, ಮನೆಮನೆ ಕೆಲಸ ಬೇರೆಯವರಿಗೆ ಕೊಡಿ ಎಂದು ದೊಡ್ಡ ಡಾಕ್ಟರಮ್ಮನಿಗೆ ಪತ್ರ ಕೊಡುತ್ತಾಳಂತೆ. ಡಾಕ್ಟರಮ್ಮ ಆಗಲಿ, ಬೇರೆ ಯಾರೇ ಆಗಲಿ ಕೇಳಿಲ್ಲ, ಹೇಳಿಲ್ಲ. ಇವಳೇ ತೀರ್ಮಾನಿಸಿದ್ದು. "ಬ್ರೆಡ್ಡಿನ ಜಾಗದಲ್ಲಿ ಯಾರದ್ದಾದ್ರೂ ಮಗು ಇದ್ದಿದ್ರೆ?" ಎಂದು ಕೇಳಿದಳು. ಮೂವತ್ತೆರಡು ವರ್ಷ ಒಂದು ಗೀರೂ ಇಲ್ಲದೆ ಓಡಿಸಿದವಳು. ಮದುವೆ ಬೇಡ ಎಂದವಳು, ಬಡ್ತಿ ಬೇಡ ಎಂದವಳು, ಈ ಓಡಾಟ ಮಾತ್ರ ಬೇಕು ಎಂದು ಹಟ ಹಿಡಿದು ಉಳಿಸಿಕೊಂಡವಳು.

ವಯಸ್ಸಾದ ಮೇಲೆ ಒಂದು ಕಡೆ ಕೂತು ಮಾಡುವ ಕೆಲಸವೇ ಒಳ್ಳೆಯದು ಎಂದೆ. ಊಟ ಸೇರಲಿಲ್ಲ. ಮಧ್ಯಾಹ್ನ ಶಾಲೆಯಲ್ಲಿ ತಿಂದದ್ದು ಸರಿ ಇರಲಿಲ್ಲ ಎಂದು ಕಾಣುತ್ತದೆ.

ಮಾರ್ಚ್ 7, ಗುರುವಾರ

ಬ್ರೆಡ್ ವ್ಯಾನಿನವನನ್ನು ನೋಡಿ ಕ್ಷಮೆ ಕೇಳಿ ಬರೋಣ ಎಂದು ಹೋದೆ. ಹೋಗಬಾರದಿತ್ತು.

ಒಳ್ಳೆಯ ಮನುಷ್ಯ. ಅಮ್ಮಾವರ ಕೈ ಹೇಗಿದೆ ಎಂದು ಮೊದಲು ಕೇಳಿದ. ಅಪಘಾತವಾದಾಗ ಅವನು ವ್ಯಾನಿನಲ್ಲಿ ಇರಲೇ ಇಲ್ಲವಂತೆ. ಇಳಿಜಾರಿನ ಮೇಲ್ಗಡೆಯ ಅಂಗಡಿಗೆ ಬ್ರೆಡ್ಡು ಕೊಟ್ಟು ಖಾಲಿ ಗಾಡಿ ತಳ್ಳಿಕೊಂಡು ಇಳಿಯುತ್ತಿದ್ದನಂತೆ. ಮುದುಕಿ ಅವನ ಪಕ್ಕದಲ್ಲೇ ಹಾದು ಹೋದಳಂತೆ.

"ಹಿಂದಿನ ಕೆಂಪು ದೀಪ ಕೊನೇವರೆಗೂ ಉರೀತಾನೇ ಇತ್ತು ಸಾರ್" ಎಂದ. "ಬ್ರೇಕ್ ಹಾಕ್ಕೊಂಡೇ ಯಾಕೆ ಇಷ್ಟು ಜೋರಾಗಿ ಹೋಗ್ತಿದಾರೆ ಅಂದ್ಕೊಂಡೆ."

ಕ್ಲಚ್ ಒತ್ತಿದರೆ ಆ ದೀಪ ಹತ್ತುವುದಿಲ್ಲ. ಬ್ರೇಕ್ ಒತ್ತಿದರೆ ಮಾತ್ರ ಹತ್ತುತ್ತದೆ.

ಅಕ್ಕನಿಗೆ ಹೇಳಲಿಲ್ಲ. ಮೊದಲು ಕಾರಣ ಏನೆಂದು ಸರಿಯಾಗಿ ಪತ್ತೆ ಹಚ್ಚಿ, ಆಮೇಲೆ ಹೇಳುವುದೇ ಕ್ರಮ. ಅರ್ಧಂಬರ್ಧ ತಿಳಿದು ಹೇಳಿದರೆ ಅವಳಿಗೂ ಗೊಂದಲ.

ಮಾರ್ಚ್ 10, ಭಾನುವಾರ

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮುದುಕಿಯ ಜೊತೆಗೇ ಇದ್ದೆ. ಎಲ್ಲವನ್ನೂ ಕ್ರಮವಾಗಿ ನೋಡಿದೆ.

ಬ್ರೇಕ್ ಎಣ್ಣೆಯ ಡಬ್ಬಿ ತುಂಬಿದೆ. ನಾಲ್ಕು ಚಕ್ರದ ಒಳಬದಿಯನ್ನೂ ಬಟ್ಟೆಯಲ್ಲಿ ಒರೆಸಿ ನೋಡಿದೆ, ಎಲ್ಲೂ ಸೋರಿಕೆ ಇಲ್ಲ. ಕೊಳವೆಗಳು ಒಣಗಿವೆ. ಆಮೇಲೆ ಸೀಟಿನಲ್ಲಿ ಕೂತು ಪೆಡಲನ್ನು ನಿಧಾನಕ್ಕೆ ಒತ್ತಿದೆ. ಮುಕ್ಕಾಲು ಭಾಗ ಇಳಿಯುವವರೆಗೆ ತಡೆಯೇ ಇಲ್ಲ. ನೆನೆದ ಸ್ಪಂಜು ತುಳಿದ ಹಾಗೆ. ಬಿಟ್ಟು ತಕ್ಷಣ ಮತ್ತೆ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ. ಮೂರನೆಯ ಸಲ ಕಲ್ಲು.

ಹೀಗಾದರೆ ಮುಖ್ಯವಾಗಿ ಎರಡು ಕಾರಣ. ಒಂದು, ಹಿಂದಿನ ಚಕ್ರಗಳ ಬ್ರೇಕು ಸವೆದು ಸಡಿಲವಾಗಿರಬೇಕು. ಇಲ್ಲವೇ ಎಣ್ಣೆಯಲ್ಲಿ ಗಾಳಿ ಸೇರಿರಬೇಕು. ಎಣ್ಣೆಯನ್ನು ಅದುಮಲು ಆಗುವುದಿಲ್ಲ, ಗಾಳಿಯನ್ನು ಅದುಮಬಹುದು. ಕಾಲಿನ ಶಕ್ತಿಯೆಲ್ಲ ಗಾಳಿಯನ್ನು ಹಿಂಡುವುದರಲ್ಲೇ ಮುಗಿದು ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ.

ಮೊದಲು ಹಿಂದಿನ ಚಕ್ರಗಳಿಗೆ ಕೈ ಹಾಕಿದೆ. ಅವನ್ನು ಕಳೆದ ತಿಂಗಳು ನಾನು ಮುಟ್ಟಿರಲಿಲ್ಲ. ಬಿಗಿ ಮಾಡಿದೆ. ಕೂದಲೆಳೆಯಷ್ಟು ವ್ಯತ್ಯಾಸ, ಅಷ್ಟೆ.

ಆಮೇಲೆ ಮಾಸ್ಟರ್ ಸಿಲಿಂಡರಿನ ಪರೀಕ್ಷೆ. ಪೆಡಲಿನಿಂದ ಎಣ್ಣೆ ತಳ್ಳುವ ಮುಖ್ಯ ಪಂಪು ಅದು. ಒಳಗಿನ ರಬ್ಬರ್ ಹಳತಾಗಿದ್ದರೆ, ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ಮೆಲ್ಲಗೆ ನೆಲಕ್ಕಿಳಿಯುತ್ತದೆ. ಗಡಿಯಾರ ನೋಡುತ್ತ ಒಂದು ನಿಮಿಷ ಒತ್ತಿ ಹಿಡಿದೆ. ಇಳಿಯಲಿ, ಇಳಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಪಂಪು ಕೆಟ್ಟಿದ್ದರೆ ಅದು ಯಾರ ತಪ್ಪೂ ಅಲ್ಲ, ಮೂವತ್ತೊಂದು ವರ್ಷದ ತಪ್ಪು. ಎರಡು ನಿಮಿಷ ಹಿಡಿದೆ. ತೊಡೆ ನಡುಗಿತು. ಪೆಡಲು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು, ಯಾರದ್ದೋ ರವಿಕೆ ಅರ್ಧ ಹೊಲಿದು ಎದ್ದು ಬಂದಿದ್ದಳು. ಸೂಜಿಯನ್ನು ತೆಗೆದು, "ಗಾಡಿಗೆ ಏನಾಗಿದೆ ಅಂತ ಹುಡುಕ್ತಿದೀರೋ, ನೀವೇನೂ ಮಾಡಿಲ್ಲ ಅಂತ ಹುಡುಕ್ತಿದೀರೋ?" ಎಂದು ಕೇಳಿದಳು.

ಬಟ್ಟೆ ಹೊಲಿಯುವವಳಿಗೆ ಬ್ರೇಕಿನ ವಿಷಯ ಏನು ಗೊತ್ತು ಎಂದು ರೇಗಿದೆ.

ಮಾರ್ಚ್ 12, ಮಂಗಳವಾರ

ಕೆಲಸಕ್ಕೆ ಹೋಗುವ ಮುಂಚೆ ಎಣ್ಣೆಯಲ್ಲಿನ ಗಾಳಿ ತೆಗೆಯೋಣ ಎಂದು ಕೂತೆ. ಇದು ಒಬ್ಬನೇ ಮಾಡುವ ಕೆಲಸವಲ್ಲ. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಕೂತು ಕ್ಯಾಲಿಪರಿನಲ್ಲಿರುವ ಸಣ್ಣ ತಿರುಪನ್ನು ಸಡಿಲಿಸಿ ಗಾಳಿ ಬೆರೆತ ಎಣ್ಣೆಯನ್ನು ಹೊರಗೆ ಬಿಡಬೇಕು. ರೇಗಿದ ಬಾಯಲ್ಲೇ ಹೆಂಡತಿಯನ್ನು ಕರೆದೆ. ಬಂದಳು. ಚಕ್ರವನ್ನು ಬಿಚ್ಚದೆ, ಸ್ಟೇರಿಂಗ್ ತಿರುಗಿಸಿ, ಸಂದಿಯಲ್ಲಿ ಕೈ ತೂರಿಸಿ ತಡಕಾಡಿಯೇ ತಿರುಪು ಬಿಚ್ಚಿದೆ. ಕಳೆದ ತಿಂಗಳೂ ಹಾಗೇ ಮಾಡಿದ್ದೆ. ಅರ್ಧ ಲೋಟ ಎಣ್ಣೆ ಬಂತು. ಗುಳ್ಳೆಯೇ ಇಲ್ಲ. ಶುದ್ಧ. ಪೆಡಲು ಮಾತ್ರ ಹಾಗೇ ಮೆತ್ತಗಿದೆ.

ಗಾಳಿ ಇಲ್ಲ, ಸೋರಿಕೆ ಇಲ್ಲ, ಪಂಪು ಸರಿ ಇದೆ. ತಲೆ ಕೆಟ್ಟು ಹೋಯಿತು.

ಸೀಟಿನಿಂದ ಇಳಿಯುತ್ತ ಹೆಂಡತಿ ಸಹಜವಾಗಿ ಅಂದಳು, "ನೀವು ಓಡಿಸೋವಾಗ ಹೇಗೂ ಎರಡೆರಡು ಸಲ ಒತ್ತುತೀರಲ್ಲ. ನಂಗೆ ಪಕ್ಕದಲ್ಲಿ ಕೂತ್ರೆ ತಲೆ ಹಿಂದಕ್ಕೂ ಮುಂದಕ್ಕೂ ಹೋಗುತ್ತೆ. ಅಕ್ಕಂಗೆ ಅದನ್ನ ಹೇಳಿದ್ರಿ ತಾನೇ?"

ನಾನು ಎರಡೆರಡು ಸಲ ಒತ್ತುತ್ತೇನೆಯೇ? ಕೆಲಸಕ್ಕೆ ಹೋಗುವ ದಾರಿಯಲ್ಲಿ ನನ್ನ ಕಾಲನ್ನೇ ಗಮನಿಸಿದೆ. ಹೌದು. ಮೊದಲು ಹಗುರವಾಗಿ ಒಮ್ಮೆ, ತಕ್ಷಣ ಇನ್ನೊಮ್ಮೆ. ಫೆಬ್ರವರಿಯ ಉಳಿದ ದಿನಗಳೆಲ್ಲ ಹೀಗೇ ಓಡಿಸಿದ್ದೇನೆ. ಕಾಲು ತನ್ನಷ್ಟಕ್ಕೆ ಕಲಿತುಬಿಟ್ಟಿದೆ. ನಾಲ್ಕನೇ ತಾರೀಕು ನಾಲ್ಕು ಕಡೆ ನಿಂತಳು ಎಂದು ಬರೆದಿದ್ದೇನಲ್ಲ, ಅಂದೂ ಹೀಗೇ ನಿಲ್ಲಿಸಿದ್ದೆ.

ಕಾಲಿಗೆ ಗೊತ್ತಿತ್ತು ಎಂದರೆ ನನಗೆ ಗೊತ್ತಿತ್ತು. ಬಣ್ಣ ಹೊಡೆದು ಜೋಡಿಸಿದ ಮೊದಲ ದಿನವೇ ಪೆಡಲು ಸ್ವಲ್ಪ ಮೆತ್ತಗಿದೆ ಅನ್ನಿಸಿತ್ತು. ಹಳೇ ಗಾಡಿ, ಹೀಗೇ ಇರುತ್ತದೆ ಎಂದುಕೊಂಡೆ. ಮತ್ತೆ ಬಿಚ್ಚಲು ಸೋಮಾರಿತನ. ಅದಕ್ಕಿಂತ ಹೆಚ್ಚಾಗಿ, ನಾನು ಮಾಡಿದ ಕೆಲಸವನ್ನು ನಾನೇ ಮತ್ತೆ ಬಿಚ್ಚುವುದು ಎಂದರೆ ಏನೋ ಅವಮಾನ.

ಇನ್ನೂ ಒಂದನ್ನು ಇಲ್ಲಿ ಬರೆದಿಲ್ಲ. ಅವತ್ತು ಬೀಗದಕೈ ಇಸಿದುಕೊಳ್ಳುವಾಗ ಅಕ್ಕ ಕೇಳಿದ್ದಳು, ಗಾಡಿಯಲ್ಲಿ ಏನಾದರೂ ನೋಡಿಕೊಳ್ಳಬೇಕಾದ್ದು ಇದೆಯಾ ಎಂದು. ಹೊಸ ಗಾಡಿ ಇದ್ದ ಹಾಗಿದೆ, ಹೋಗು ಎಂದಿದ್ದೆ.

ಮಾರ್ಚ್ 13, ಬುಧವಾರ

ಅಕ್ಕ ಮೆಟ್ಟಿಲಿನಲ್ಲಿ ಎಡವಿ ಕೂತುಬಿಟ್ಟಳು. ಕೊನೆಯ ಎರಡು ಮೆಟ್ಟಿಲು, ಪೆಟ್ಟೇನೂ ಆಗಿಲ್ಲ. ಒಂದು ವಾರದಿಂದ ಗೋಡೆ ಹಿಡಿದೇ ಇಳಿಯುತ್ತಿದ್ದಾಳೆ. "ಕಾಲು ನನ್ನ ಮಾತು ಕೇಳ್ತಿಲ್ಲ" ಎಂದಳು. ನರದ ಡಾಕ್ಟರಿಗೆ ತೋರಿಸುತ್ತಾಳಂತೆ. ಶನಿವಾರ ನಾನು ಜೊತೆಗೆ ಹೋಗಬೇಕು.

ಹೇಳಲು ಬಾಯಿ ತೆರೆದೆ. ಎಷ್ಟು ಗಂಟೆಗೆ ಹೊರಡಬೇಕು ಎಂದಷ್ಟೇ ಕೇಳಿದೆ.

ಮಾರ್ಚ್ 16, ಶನಿವಾರ

ನರದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೃದು. ಅಕ್ಕನ ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಣ್ಣು ಮುಚ್ಚಿ ನಿಲ್ಲಿಸಿದರು. ಒಂದೇ ಗೆರೆಯ ಮೇಲೆ ನಡೆಸಿದರು. ಮೂವತ್ತೆರಡು ವರ್ಷ ಬೇರೆಯವರನ್ನು ಪರೀಕ್ಷೆಗೆ ಕರೆದುಕೊಂಡು ಹೋದವಳು, ಶಾಲೆಯ ಮಗುವಿನ ಹಾಗೆ ಹೇಳಿದ್ದನ್ನೆಲ್ಲ ಮಾಡಿದಳು. ಏನಾಯಿತು ಎಂದು ಕೇಳಿದ್ದಕ್ಕೆ, "ಬ್ರೇಕ್ ಅಂದ್ಕೊಂಡು ಕ್ಲಚ್ ಒತ್ತಿದೆ ಡಾಕ್ಟ್ರೇ. ಒತ್ತಿದ್ದೂ ಗೊತ್ತಾಗಲಿಲ್ಲ. ನಂಗೆ ಇವತ್ತಿಗೂ ಬ್ರೇಕ್ ಒತ್ತಿದ ಹಾಗೇ ನೆನಪು" ಎಂದಳು.

ನಾನು ಪಕ್ಕದ ಕುರ್ಚಿಯಲ್ಲಿ ಅವಳ ಕೈಚೀಲ ಹಿಡಿದುಕೊಂಡು ಕೂತಿದ್ದೆ.

ನೆನಪು ಹೀಗೆ ಮೋಸ ಮಾಡುವುದು ಉಂಟು ಎಂದು ಅವರು ಸಮಾಧಾನ ಹೇಳಿದರು. ನರದ ತೊಂದರೆ ಏನೂ ಕಾಣಿಸುತ್ತಿಲ್ಲ, ಆದರೂ ಇನ್ನೊಂದು ಸ್ಕ್ಯಾನ್ ಮಾಡಿಸಿ ಎಂದು ಬರೆದುಕೊಟ್ಟರು. ಅಕ್ಕ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಮಡಚಿ ಜೇಬಿಗೆ ಹಾಕಿಕೊಂಡೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮಾರ್ಚ್ 17, ಭಾನುವಾರ

ಸಿಕ್ಕಿತು.

ಮುಂದಿನ ಎರಡು ಚಕ್ರಗಳನ್ನೂ ಬಿಚ್ಚಿದೆ. ಒಂದು ವಾರದಿಂದ ಎಲ್ಲವನ್ನೂ ನೋಡಿದವನು ಇದೊಂದನ್ನು ಮಾತ್ರ ಬಿಚ್ಚಿರಲಿಲ್ಲ.

ಕ್ಯಾಲಿಪರುಗಳು ಅದಲುಬದಲಾಗಿವೆ. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ನೋಡಲು ಅವಳಿಜವಳಿಯಂತಿರುತ್ತವೆ, ಬೋಲ್ಟೂ ಸರಾಗವಾಗಿ ಕೂರುತ್ತದೆ. ವ್ಯತ್ಯಾಸ ಒಂದೇ. ಗಾಳಿ ಬಿಡುವ ತಿರುಪು ಸರಿಯಾದ ಕಡೆ ಇದ್ದರೆ ಮೇಲ್ತುದಿಯಲ್ಲಿರುತ್ತದೆ, ತಪ್ಪು ಕಡೆ ಇದ್ದರೆ ಕೆಳತುದಿಗೆ ಬರುತ್ತದೆ. ಗಾಳಿ ಯಾವಾಗಲೂ ಮೇಲಕ್ಕೆ ಏರುವುದು. ತಿರುಪು ಕೆಳಗಿದ್ದರೆ ಎಷ್ಟು ಸಲ ಬಿಚ್ಚಿದರೂ ಬರುವುದು ಶುದ್ಧ ಎಣ್ಣೆಯೇ. ಗಾಳಿ ಮೇಲೆ ಆರಾಮಾಗಿ ಕೂತಿರುತ್ತದೆ. ಮೊನ್ನೆ ಗುಳ್ಳೆ ಬರಲಿಲ್ಲ ಎಂದು ನಾನು ತಲೆ ಕೆಡಿಸಿಕೊಂಡೆನಲ್ಲ.

ಒಂದು ಕಡೆ ಮಾತ್ರ ಬಿಚ್ಚು, ಇನ್ನೊಂದು ಕಡೆಯನ್ನು ನೋಡಿಕೊಂಡು ಜೋಡಿಸು. ಅದು ಮುಗಿದ ಮೇಲೆ ಮತ್ತೊಂದು. ಈ ಪಾಠವನ್ನು ನಾನು ಮೊದಲ ವಾರದಲ್ಲೇ ಮಾಡುತ್ತೇನೆ. ಜೋಡಿ ಇರುವ ಯಾವುದನ್ನೂ ಒಟ್ಟಿಗೆ ಬಿಚ್ಚಬೇಡಿ ಎಂದು ಮೇಜು ಕುಟ್ಟಿ ಹೇಳುತ್ತೇನೆ. ನಾನು ಎರಡನ್ನೂ ಒಟ್ಟಿಗೆ ಬಿಚ್ಚಿದ್ದೆ. ಬಣ್ಣ ಹೊಡೆಯಲು. ಎರಡಕ್ಕೂ ಒಂದೇ ಕೈಯಲ್ಲಿ ಹೊಡೆದರೆ ಒಂದೇ ಹೊಳಪು ಬರುತ್ತದೆ ಎಂದು. ಹಿತ್ತಲಿನ ಬಟ್ಟೆ ಒಣಗಿಸುವ ತಂತಿಗೆ ಎರಡನ್ನೂ ನೇತುಹಾಕಿ, ಒಣಗಿದ ಮೇಲೆ ತೆಗೆದು, ಸಂಜೆಯೊಳಗೆ ಮುಗಿಸಬೇಕೆಂಬ ಗಡಿಬಿಡಿಯಲ್ಲಿ ಕೂರಿಸಿದ್ದೆ. ಚಕ್ರ ಹಾಕಿದ ಮೇಲೆ ಆ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದಲುಬದಲು ಮಾಡಿ ಸರಿಪಡಿಸಲು ಒಂದೂವರೆ ಗಂಟೆ ಸಾಕು. ಸ್ಪಾನರ್ ಕೈಯಲ್ಲೇ ಇತ್ತು. ಆಗ ಒಂದು ಯೋಚನೆ ಬಂತು. ಈಗ ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಮುಗಿಯಿತು, ಯಾರಿಗೂ ಯಾವತ್ತಿಗೂ ಗೊತ್ತಾಗುವುದಿಲ್ಲ. ಗಾಡಿ ಸರಿ ಇರುತ್ತದೆ. ಅಕ್ಕನಿಗೂ ಕಡತಗಳ ಕೋಣೆ ಅಭ್ಯಾಸವಾಗುತ್ತದೆ.

ಯೋಚನೆ ಬಂದದ್ದಷ್ಟೇ ಅಲ್ಲ, ಸ್ವಲ್ಪ ಹೊತ್ತು ಹಾಯೆನಿಸಿತು. ಅದನ್ನೂ ಬರೆಯಲೇಬೇಕು.

ಕೊನೆಗೆ ಏನನ್ನೂ ಮುಟ್ಟದೆ ಚಕ್ರಗಳನ್ನು ವಾಪಸ್ ಹಾಕಿದೆ. ಕೈಯನ್ನು ಮೂರು ಸಲ ತೊಳೆದೆ.

ಮಾರ್ಚ್ 18, ಸೋಮವಾರ

ಹೇಳಲಿಲ್ಲ.

ಮಾರ್ಚ್ 19, ಮಂಗಳವಾರ

ತರಗತಿಯಲ್ಲಿ ಒಂದು ಇಡೀ ಗುಂಪು ಅಳತೆ ತಪ್ಪಿಸಿತು. ಪಕ್ಕದಲ್ಲಿ ಕೂತು ಎಲ್ಲಿ ತಪ್ಪಿತು ಎಂದು ಜೊತೆಗೇ ಹುಡುಕಿದೆ. ಮುಕ್ಕಾಲು ಗಂಟೆ ಹಿಡಿಯಿತು. ಶಾಲೆಯ ಸ್ಟೋರಿನವರು ಬಂದು, ಮೈ ಹುಷಾರಿಲ್ಲವಾ, ಇವತ್ತು ನಿಮ್ಮ ದನಿಯೇ ಕೇಳಿಸಲಿಲ್ಲ ಎಂದರು.

ಅಕ್ಕನಿಗೆ ಹೇಳುವ ಮಾತನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿದೆ. ಬ್ರೇಕಿನಲ್ಲಿ ಸ್ವಲ್ಪ ಗಾಳಿ ಸೇರಿಕೊಂಡಿತ್ತು ಎಂದು ಕಾಣುತ್ತದೆ. ಕ್ಯಾಲಿಪರ್ ಅದಲುಬದಲಾಗಿದ್ದವು. ಹೀಗೆ ಆಗುವುದುಂಟು. ಎಷ್ಟು ಸಲ ಹೇಳಿಕೊಂಡರೂ ಆ ಮಾತುಗಳಲ್ಲಿ ನಾನು ಎಲ್ಲೂ ಇರಲಿಲ್ಲ. ಗಾಳಿ ತಾನೇ ಬಂದು ಸೇರಿಕೊಂಡ ಹಾಗಿತ್ತು.

ಬಸ್ಸು ಯಾಕೆ ಎಂದು ಹೆಂಡತಿ ಕೇಳಿದಳು. ಗಾಡಿ ತೆಗೆಯಲು ಮನಸ್ಸಾಗಲಿಲ್ಲ ಎಂದೆ. ಊಟಕ್ಕೆ ಬಡಿಸುವಾಗ, ಅಕ್ಕ ನಾಳೆ ಪತ್ರ ಬರೆಯುತ್ತಾರಂತೆ ಎಂದು ನನಗೆ ಕೇಳುವಂತೆ ಹೇಳಿದಳು.

ಮಾರ್ಚ್ 20, ಬುಧವಾರ

ಪತ್ರ ಬರೆಯಲು ಅಕ್ಕ ನನ್ನನ್ನೇ ಕರೆದಳು. ಅವಳ ಬಲಗೈ ಪಟ್ಟಿಯಲ್ಲಿದೆ. ಎಡಗೈಯಲ್ಲಿ ಬರೆದದ್ದು ಅವಳಿಗೇ ಓದಲು ಬರುವುದಿಲ್ಲ. ನಿನ್ನ ಅಕ್ಷರ ಅಚ್ಚು ಹಾಕಿದ ಹಾಗಿರುತ್ತದೆ, ನೀನೇ ಬರಿ ಎಂದಳು.

ಸಂಜೆಯ ಬೆಳಕು ಇನ್ನೂ ಇತ್ತು. ಮಹಡಿಯ ಅವಳ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜಿಗೆ ಕೂತೆ. ಅವಳು ಮಂಚದ ಮೇಲೆ ಕೂತು ಒಂದೊಂದೇ ವಾಕ್ಯ ಹೇಳಿದಳು. ಮಾನ್ಯರೇ, ಮೂವತ್ತೆರಡು ವರ್ಷಗಳಿಂದ ಈ ಕೆಲಸದಲ್ಲಿ ನನಗೆ ತೋರಿಸಿದ ನಂಬಿಕೆಗೆ ಋಣಿ. ಬರೆದೆ. ಈ ತಿಂಗಳ ಮೂರರಂದು ಆಸ್ಪತ್ರೆ ರಸ್ತೆಯಲ್ಲಿ ಆದ ಅಪಘಾತಕ್ಕೆ ನಾನೇ ಸಂಪೂರ್ಣ ಹೊಣೆ. ಬರೆದೆ. ಬ್ರೇಕಿನ ಬದಲು.

ಪೆನ್ನು ಅಲ್ಲಿಗೇ ನಿಂತಿತು. ಅವಳು, ಆಯ್ತಾ, ಮುಂದೆ ಹೇಳಲಾ ಎಂದಳು. ಕಾದಳು. ಮತ್ತೆ ಕೇಳಿದಳು.

"ಅಕ್ಕ, ನೀನು ಬ್ರೇಕೇ ಒತ್ತಿದ್ದೆ" ಎಂದೆ. "ನಾನು ಅದನ್ನ ತಪ್ಪಾಗಿ ಜೋಡಿಸಿದ್ದೆ."

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ತಂತಿಗೆ ನೇತುಹಾಕಿದ್ದು, ಎರಡು ಸಲ ಒತ್ತುತ್ತಿದ್ದದ್ದು, ಕೇಳಿದರೂ ನಿನಗೆ ಹೇಳದೆ ಕಳಿಸಿದ್ದು, ಎಲ್ಲ ಹೇಳಿದೆ. ಬೆನ್ನು ಅವಳ ಕಡೆಗಿತ್ತು. ತಿರುಗುವ ಧೈರ್ಯ ಬರಲಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಬ್ರೇಕ್ ಒತ್ತಿದ್ದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?" ಎಂದಳು.

ಭಾನುವಾರ ಎನ್ನಬಹುದಿತ್ತು. ಕ್ಯಾಲಿಪರ್ ಕಂಡದ್ದು ಭಾನುವಾರವೇ. "ಏಳನೇ ತಾರೀಕು" ಎಂದು, ಬ್ರೆಡ್ ವ್ಯಾನಿನವನು ನೋಡಿದ ಕೆಂಪು ದೀಪದ ವಿಷಯವನ್ನೂ ಹೇಳಿದೆ.

ಆಮೇಲೆ ಅವಳು ಹೇಳಿದ ಮಾತನ್ನು ಹೇಗಿತ್ತೋ ಹಾಗೇ ಬರೆಯುತ್ತೇನೆ. "ಶನಿವಾರ ಆ ಡಾಕ್ಟ್ರ ಮುಂದೆ ಗೆರೆ ಮೇಲೆ ನಡೆದೆನಲ್ಲೋ. ನೀನು ನನ್ನ ಚೀಲ ಹಿಡ್ಕೊಂಡು ಕೂತಿದ್ದೆ."

ಅತ್ತೆ. ಅವಳ ಎದುರಿಗೆ ನಾನು ಕೊನೆಯ ಸಲ ಅತ್ತದ್ದು ಯಾವಾಗ ಎಂದು ನೆನಪಿಲ್ಲ. ಅವಳು ಹತ್ತಿರ ಬರಲಿಲ್ಲ, ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವವರೆಗೆ ಕಾದು, "ನಡಿ, ತೋರಿಸು" ಎಂದಳು.

ಚಕ್ರ ಬಿಚ್ಚಿ ತೋರಿಸಿದೆ. ಬಗ್ಗಿ ನೋಡಿದಳು. ತಿರುಪು ಎಲ್ಲಿದೆ, ಗಾಳಿ ಎಲ್ಲಿ ಕೂರುತ್ತದೆ ಎಂದು ನಾನು ವಿವರಿಸಲು ಶುರುಮಾಡಿದೆ. ಎರಡು ಮಾತಿಗೇ ತಡೆದಳು. ರೋಗಿಗೆ ಡ್ರಿಪ್ ಹಾಕುವಾಗ ಕೊಳವೆಯನ್ನು ಬೆರಳಿಂದ ತಟ್ಟಿ ಗುಳ್ಳೆಯನ್ನು ಮೇಲೆ ಕಳಿಸುವುದೇ ತನ್ನ ಮೊದಲ ಕೆಲಸ, ಗಾಳಿ ಎತ್ತ ಹೋಗುತ್ತದೆ ಎಂದು ತನಗೆ ಪಾಠ ಬೇಡ ಎಂದಳು.

ಒಳಗೆ ಹೋಗುವ ಮುಂಚೆ ಒಂದು ಮಾತು ಹೇಳಿದಳು. "ಅವತ್ತು ಇಪ್ಪತ್ತು ಜನರ ಮುಂದೆ ಹೇಳಿದೆ ನೀನು. ಇದನ್ನೂ ನೀನೇ ಹೇಳ್ಬೇಕು. ನಿನ್ನ ಪರವಾಗಿ ನಾನು ಹೇಳಲ್ಲ."

ಮಾರ್ಚ್ 21, ಗುರುವಾರ

ರಜೆ ಹಾಕಿದೆ. ಒಂದು ಕಡೆ ಬಿಚ್ಚಿ, ಇನ್ನೊಂದು ಕಡೆ ಬಿಚ್ಚಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ತಿರುಪುಗಳು ಮೇಲೆ ಬಂದವು.

ಪೆಡಲು ಒತ್ತಲು ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಮಹಡಿಯಿಂದ ಅಕ್ಕ ಇಳಿದು ಬಂದು, ತಾನು ಒತ್ತುತ್ತೇನೆ ಎಂದಳು. ಪಟ್ಟಿ ಕಟ್ಟಿದ ಕೈಯನ್ನು ಎದೆಗವಚಿಕೊಂಡು ಸೀಟಿನಲ್ಲಿ ಕೂತಳು. ನಾನು ಚಕ್ರದ ಬಳಿ ಕುಕ್ಕರಗಾಲಲ್ಲಿ. ನನಗೆ ಅವಳ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಒತ್ತು ಎಂದರೆ, ಒತ್ತಿದೀನಿ ಎನ್ನುತ್ತಿದ್ದಳು. ಬಿಡು ಎಂದರೆ, ಬಿಟ್ಟೆ ಎನ್ನುತ್ತಿದ್ದಳು. ಮೊದಲ ಸಲವೇ ಕೊಳವೆಯಲ್ಲಿ ಗುಳ್ಳೆಗಳು ಬುಳಬುಳ ಬಂದವು. ನಾಲ್ಕನೆಯ ಸಲಕ್ಕೆ ಕಡಿಮೆಯಾದವು. ಇನ್ನೊಂದು ಚಕ್ರಕ್ಕೆ ಹೋದೆ, ಅಲ್ಲೂ ಅಷ್ಟೆ. ಅರ್ಧ ಗಂಟೆ ಹೀಗೇ ನಡೆಯಿತು. ಅವಳ ಕಾಲು ಒಂದು ಸಲವೂ ತಡವಾಗಲಿಲ್ಲ, ಬೇಗವೂ ಆಗಲಿಲ್ಲ.

"ಈಗ ಗಟ್ಟಿ ಇದೆ" ಎಂದು ಅವಳೇ ಹೇಳಿದಳು. ಇಳಿದು, ಗೋಡೆ ಮುಟ್ಟದೆ ಮಹಡಿ ಹತ್ತಿ ಹೋದಳು. ಹೆಂಡತಿ ನೋಡಿದಳು, ನಾನೂ ನೋಡಿದೆ.

ಮಧ್ಯಾಹ್ನ ಬ್ರೆಡ್ ವ್ಯಾನಿನವನಿಗೂ, ಅವತ್ತು ಗುಂಪಿನಲ್ಲಿದ್ದ ಮೂಲೆಯ ಔಷಧಿ ಅಂಗಡಿಯವರಿಗೂ ಹೇಳಿ ಬಂದೆ. ಔಷಧಿ ಅಂಗಡಿಯವರು, ಹೌದಾ, ನಾವೆಲ್ಲ ಅಮ್ಮಾವರದ್ದೇ ತಪ್ಪು ಅಂದ್ಕೊಂಡಿದ್ವಿ ಎಂದರು. ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡೆ.

ಮಾರ್ಚ್ 23, ಶನಿವಾರ

ದೊಡ್ಡ ಡಾಕ್ಟರಮ್ಮನ ಕೋಣೆ. ನಾನು ನಿಂತಿದ್ದೆ, ಅಕ್ಕ ಕೂತಿದ್ದಳು. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಾನು ಬಿಚ್ಚಿದೆ, ನಾನು ತಪ್ಪಾಗಿ ಹಾಕಿದೆ, ನನಗೆ ಗೊತ್ತಿದ್ದೂ ಸುಮ್ಮನಿದ್ದೆ. ಡಾಕ್ಟರಮ್ಮ ನನ್ನನ್ನು ಏನೂ ಕೇಳಲಿಲ್ಲ. ಅಕ್ಕನ ಕಡೆ ತಿರುಗಿ, ಏನೋ ಪತ್ರ ಕೊಡ್ತೀನಿ ಅಂದಿದ್ರಲ್ಲ ಎಂದರು. "ಇವನಿಗೆ ಬರೆಯೋಕೆ ಹೇಳಿದ್ದೆ, ಅರ್ಧಕ್ಕೇ ನಿಲ್ಲಿಸಿದ" ಎಂದಳು ಅಕ್ಕ. ಡಾಕ್ಟರಮ್ಮ ನಕ್ಕರು. ಅಕ್ಕ ನಗಲಿಲ್ಲ. ಪಟ್ಟಿ ಬಿಚ್ಚಿದ ಮಾರನೇ ದಿನದಿಂದ ವ್ಯಾನು ಅವಳದ್ದೇ ಎಂದು ತೀರ್ಮಾನವಾಯಿತು. ಬಡಗಿ ದಿನವೂ ಇವಳನ್ನೇ ಕೇಳುತ್ತಾನಂತೆ, ಬೇರೆಯವರು ಕಟ್ಟಿದ ಪಟ್ಟಿ ಕಚ್ಚುತ್ತದೆ ಎಂದು ಗೊಣಗುತ್ತಾನಂತೆ.

ಹೊರಗೆ ಬಂದು, ಬರುವಾಗ ಬಸ್ಸಿನಲ್ಲಿ ಬಂದಿದ್ದ ಅವಳನ್ನು ಬಾಡಿಗೆ ಕಾರು ಕರೆಯಲೇ ಎಂದು ಕೇಳಿದೆ. ಬೇಡ, ಮುದುಕಿಯಲ್ಲೇ ಹೋಗೋಣ ಎಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಅಷ್ಟಕ್ಕೇ ನನ್ನ ಎದೆ ಹಗುರವಾಯಿತು. ಕ್ಷಮಿಸಿದಳು ಎಂದುಕೊಂಡೆ.

ಆಸ್ಪತ್ರೆ ರಸ್ತೆಯ ಇಳಿಜಾರು ಶುರುವಾಯಿತು. ಬ್ರೇಕ್ ಒಂದೇ ಒತ್ತಿಗೆ ಹಿಡಿಯಿತು, ಗಟ್ಟಿಯಾಗಿ. ಹೇಗಿದೆ ನೋಡು ಎನ್ನಲು ಅವಳ ಕಡೆ ತಿರುಗಿದೆ. ಅವಳು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಬಲಗಾಲು ಖಾಲಿ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ಕಾಲ್ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು.

ಮನೆ ಬರುವವರೆಗೂ ನೋಡುತ್ತ ಬಂದೆ. ಪ್ರತಿ ತಿರುವಿನಲ್ಲೂ ಅವಳ ಕಾಲು ನನ್ನ ಕಾಲಿಗಿಂತ ಮೊದಲೇ ಬ್ರೇಕ್ ಒತ್ತುತ್ತಿತ್ತು.